ಮುಟ್ಟು ಇನ್ನೂ ನಿಂತಿಲ್ಲ, ಆದರೂ ಇದು ಮೆನೋಪಾಸಿನ ಆರಂಭವೇ? – ವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (44 ವರ್ಷ, ಶಿಕ್ಷಕಿ, ದಾವಣಗೆರೆ):
ನಮಸ್ಕಾರ ಮೇಡಂ. ಮೊದಲೆಲ್ಲ 28 ದಿನಕ್ಕೆ ತಪ್ಪದೆ ಮುಟ್ಟಾಗುತ್ತಿದ್ದೆ. ಈ ವರ್ಷ ಲೆಕ್ಕವೇ ತಪ್ಪಿಹೋಗಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನಗಳ ಜೊತೆಗೇ ಇದನ್ನೂ ಗುರುತು ಹಾಕುತ್ತೇನೆ: ಜನವರಿ 4, ಜನವರಿ 27, ಮಾರ್ಚ್ 6, ಮಾರ್ಚ್ 28, ಮೇ 1. ಬಂದರೆ ಎಂಟು ದಿನ ನಿಲ್ಲುವುದಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾದಾಗ ಕತ್ತಿನಿಂದ ಇಳಿದ ಬೆವರಿಗೆ ದಿಂಬು ಒದ್ದೆಯಾಗಿರುತ್ತದೆ. ನಾನು ಫ್ಯಾನ್ ಜೋರು ಮಾಡುತ್ತೇನೆ, ಯಜಮಾನರು ಕಂಬಳಿ ಎಳೆದುಕೊಳ್ಳುತ್ತಾರೆ. ಮೊನ್ನೆ ಊಟದ ಡಬ್ಬಿ ತೊಳೆದಿಲ್ಲವೆಂದು ಮಗನ ಮೇಲೆ ಕೂಗಾಡಿ, ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು ಬೇರೆ. ನಮ್ಮ ಅತ್ತೆಯವರು ‘ಉಷ್ಣ ಕಣಮ್ಮಾ, ಕಾಮಕಸ್ತೂರಿ ಬೀಜ ನೆನೆಸಿ ಕುಡಿ’ ಎನ್ನುತ್ತಾರೆ. ಅಮ್ಮನಿಗೆ 46ಕ್ಕೆ ನಿಂತಿತ್ತಂತೆ. ಮುಟ್ಟು ಬರುತ್ತಲೇ ಇರುವಾಗ ಇದು ಮೆನೋಪಾಸ್ ಆಗಲು ಸಾಧ್ಯವೇ? ಯಾರಿಗೆ ತೋರಿಸಲಿ?

ಉತ್ತರ (ಸ್ತ್ರೀರೋಗ ತಜ್ಞೆ):
ನಿಮ್ಮ ಕ್ಯಾಲೆಂಡರ್ ನನ್ನ ಅರ್ಧ ಕೆಲಸ ಮುಗಿಸಿದೆ. ಕೂಡಿ ಕಳೆದು ನೋಡಿದೆ: 23 ದಿನ, 38, 22, 34. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಏಳು ದಿನಕ್ಕಿಂತ ಹೆಚ್ಚು ವ್ಯತ್ಯಾಸ, ಅದೂ ಮತ್ತೆ ಮತ್ತೆ. ಪೆರಿಮೆನೋಪಾಸ್, ಅಂದರೆ ಮುಟ್ಟು ನಿಲ್ಲುವ ಮುಂಚಿನ ಹಂತ, ಸಾಮಾನ್ಯವಾಗಿ ಹೀಗೆಯೇ ಶುರುವಾಗುತ್ತದೆ. ಇದು ಕೆಲವರಿಗೆ ಎರಡು ವರ್ಷ, ಕೆಲವರಿಗೆ ಏಳೆಂಟು ವರ್ಷ. ಇಡೀ ಒಂದು ವರ್ಷ ಮುಟ್ಟಾಗದೆ ಕಳೆದ ಮೇಲಷ್ಟೇ ಮೆನೋಪಾಸ್ ಎನ್ನುವುದು. ಪಾಶ್ಚಾತ್ಯ ದೇಶಗಳಲ್ಲಿ ಅದರ ಸರಾಸರಿ ವಯಸ್ಸು 51ರ ಸುಮಾರು, ನಮ್ಮಲ್ಲಿ 46–47. ಹಾಗಾಗಿ ನಿಮಗೆ ಬೇಗ ಶುರುವಾಗಿದೆ ಎನ್ನುವಂತಿಲ್ಲ.

ಈ ವಯಸ್ಸಿಗೆ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಮೆಲ್ಲಗೆ ಬತ್ತುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಮೊದಮೊದಲು ಅದು ಉಯ್ಯಾಲೆಯಾಡುತ್ತದೆ. ಕೆಲವು ತಿಂಗಳು ಅಂಡ ಬಿಡುಗಡೆಯಾಗುವುದಿಲ್ಲ, ಆಗ ಇನ್ನೊಂದು ಹಾರ್ಮೋನ್ ಪ್ರೊಜೆಸ್ಟರಾನ್ ಸಾಲುವುದಿಲ್ಲ. ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆದು, ಒಮ್ಮೆಲೇ ಕಳಚಿ ಸುರಿಯುತ್ತದೆ. ಮೆದುಳಿನಲ್ಲಿ ಮೈಬಿಸಿಯನ್ನು ನೋಡಿಕೊಳ್ಳುವ ಭಾಗವೂ ಸೂಕ್ಷ್ಮವಾಗಿ, ಸಣ್ಣ ಏರಿಕೆಗೇ ಬೆವರು ಹರಿಸುತ್ತದೆ. ಅತ್ತೆಯವರ ‘ಉಷ್ಣ’ ತೀರಾ ದೂರದ ಮಾತಲ್ಲ. ಕಾಮಕಸ್ತೂರಿ ಕುಡಿಯಿರಿ, ಹಿತವಾಗಿರುತ್ತದೆ. ಎಂಟು ದಿನದ ರಕ್ತಸ್ರಾವಕ್ಕೆ ಮಾತ್ರ ಅದು ಮದ್ದಲ್ಲ.

ನನಗೆ ಚಿಂತೆ ಹುಟ್ಟಿಸಿದ್ದು ಆ ಮೆಟ್ಟಿಲಿನ ಏದುಸಿರು. ಅದು ರಕ್ತಹೀನತೆ ಇರಬಹುದು. ಥೈರಾಯ್ಡ್ ಏರುಪೇರಾದರೂ ಮುಟ್ಟು ಕೆಡುತ್ತದೆ, ನಿದ್ದೆ ಕೆಡುತ್ತದೆ, ಬೆವರುತ್ತದೆ. ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಿ, ಹಿಮೋಗ್ಲೋಬಿನ್ ಏಳಕ್ಕೆ ಇಳಿದ ಮೇಲೆ ಬರುವವರನ್ನು ಕಂಡೂ ಕಂಡೂ ಸಾಕಾಗಿದೆ. ಸ್ತ್ರೀರೋಗ ತಜ್ಞರಿಗೆ ತೋರಿಸಿ. ರಕ್ತ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಲೆಕ್ಕ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ, ಬಿಪಿ, ಕೆಳಹೊಟ್ಟೆಯ ಸ್ಕ್ಯಾನಿಂಗ್ ಇಷ್ಟಿರಲಿ. ಗರ್ಭ ಪರೀಕ್ಷೆಯೂ ಆಗಲಿ. ನಗಬೇಡಿ, ಮುಟ್ಟು ಬರುವವರೆಗೆ ಬಸಿರಾಗುವ ಸಾಧ್ಯತೆ ಇದ್ದೇ ಇದೆ. ಲ್ಯಾಬಿನವರು ‘ಹಾರ್ಮೋನ್ ಪ್ಯಾಕೇಜ್’ ಎಂದರೆ ಬೇಡವೆನ್ನಿ. ಅದರಲ್ಲಿರುವ ಎಫ್‌ಎಸ್‌ಎಚ್ (ಅಂಡಾಶಯವನ್ನು ಚುರುಕುಗೊಳಿಸುವ ಹಾರ್ಮೋನ್) ಈ ವಾರ ಒಂದು, ಮುಂದಿನ ವಾರ ಇನ್ನೊಂದು; 45 ದಾಟಿದವರಲ್ಲಂತೂ ಲಕ್ಷಣ ನೋಡಿಯೇ ಹೇಳುತ್ತೇವೆ.

ಡಾಕ್ಟರ ಎದುರು ಕುಳಿತು ‘ಸ್ವಲ್ಪ ಸುಸ್ತು’ ಎಂದು ಮಾತು ಮುಗಿಸಬೇಡಿ. ಕ್ಯಾಲೆಂಡರನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ. ದಿನಕ್ಕೆ ಎಷ್ಟು ಪ್ಯಾಡ್, ಹೆಪ್ಪುಗಟ್ಟಿದ ರಕ್ತ ಹೋಗುತ್ತದೆಯೇ, ರಾತ್ರಿ ಎಷ್ಟು ಸಲ ಎಚ್ಚರ – ಇವನ್ನು ಅವರು ಕೇಳದಿದ್ದರೂ ಹೇಳಿ.

ಪ್ರಶ್ನೆ (47 ವರ್ಷ, ಶಿರಸಿ):
ನನಗೂ ಹೀಗೇ, ಹೆಪ್ಪುಹೆಪ್ಪಾಗಿ ಹೋಗುತ್ತದೆ. ಇಲ್ಲಿಯ ಒಂದು ನರ್ಸಿಂಗ್ ಹೋಮಿನಲ್ಲಿ ಮೊದಲ ಸಲ ನೋಡಿದಾಗಲೇ ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಎಂದರು. ತೆಗೆಸಲೇ?

ಉತ್ತರ:
ಸ್ಕ್ಯಾನಿಂಗ್ ಆಯಿತೇ? ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರೇ? 45ರ ನಂತರ ಹೀಗೆ ರಕ್ತ ಹೋದರೆ ಮೊದಲು ಆಗಬೇಕಾದ್ದು ಅದು. ಅದರಲ್ಲಿ ಕೆಟ್ಟದ್ದೇನೂ ಇಲ್ಲದಿದ್ದರೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಇದೆ, ಪ್ರೊಜೆಸ್ಟರಾನ್ ಮಾತ್ರೆ ಇದೆ, ಗರ್ಭಕೋಶದೊಳಗೆ ಇಟ್ಟರೆ ವರ್ಷಗಟ್ಟಲೆ ಕೆಲಸ ಮಾಡುವ ಹಾರ್ಮೋನ್ ಕಾಯಿಲ್ (ಕಾಪರ್-ಟಿಯಂಥದ್ದು) ಇದೆ. ದೊಡ್ಡ ಗಡ್ಡೆಯೋ ಕ್ಯಾನ್ಸರಿನ ಸುಳಿವೋ ಇದ್ದರೆ ಶಸ್ತ್ರಚಿಕಿತ್ಸೆಯ ಮಾತು ಬೇರೆ. ‘ಮಕ್ಕಳಾಗಿವೆ’ ಎಂಬುದು ಕಾರಣವಲ್ಲ. ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆದರೂ ಮೆನೋಪಾಸ್ ಬೇಗ ಬರಬಹುದು. ಇನ್ನೊಬ್ಬರಿಗೂ ತೋರಿಸಿ. ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ, ಕಣ್ಣು ಕತ್ತಲೆ ಬಂದರೆ ನನ್ನ ಉತ್ತರ ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಪ್ರಶ್ನೆ (37 ವರ್ಷ):
ಐದು ತಿಂಗಳಿಂದ ಮುಟ್ಟಿಲ್ಲ. ಗರ್ಭಿಣಿಯೂ ಅಲ್ಲ. ನನಗೂ ಇದೇ ಇರಬಹುದೇ?

ಉತ್ತರ:
ನಲವತ್ತರೊಳಗೆ ಇದನ್ನು ವಯಸ್ಸಿನ ಸಹಜ ಬದಲಾವಣೆ ಎಂದು ಬಿಡುವಂತಿಲ್ಲ. ಆಗಲೇ ಬೇಡವೆಂದ ಎಫ್‌ಎಸ್‌ಎಚ್ ನಿಮಗೆ ಬೇಕೇ ಬೇಕು, ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ಕೂಡ. ಅಂಡಾಶಯ ಅಕಾಲದಲ್ಲಿ ಸೋತಿದ್ದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ, ಚಿಕಿತ್ಸೆ ಇದೆ. ಈ ವಾರವೇ ಹೋಗಿ.

ಮೊದಲ ಪ್ರಶ್ನೆ ಕೇಳಿದವರು, ಹದಿನೈದು ದಿನಗಳ ನಂತರ:
ಮೇಡಂ, ಹಿಮೋಗ್ಲೋಬಿನ್ 8.9 ಬಂತು. ಥೈರಾಯ್ಡ್ ಸರಿಯಿದೆ. ಸ್ಕ್ಯಾನಿಂಗಿನಲ್ಲಿ ಸಣ್ಣ ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಗಡ್ಡೆ. ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದಾರೆ, ಬೆಳಗಿನ ಕಾಫಿಯ ಜೊತೆ ನುಂಗುತ್ತೇನೆ. ಬೆವರು ತಡೆಯದಾದರೆ ಮುಂದೆ ಹಾರ್ಮೋನ್ ಮಾತ್ರೆ ನೋಡೋಣ ಎಂದಿದ್ದಾರೆ. ಅದರಿಂದ ಕ್ಯಾನ್ಸರ್ ಬರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಹೆದರಿಸುತ್ತಿದ್ದಾರೆ.

ಉತ್ತರ:
ಏದುಸಿರಿನ ಕಾರಣ ಸಿಕ್ಕಿತಲ್ಲ. ಹಾರ್ಮೋನ್ ಎಲ್ಲರಿಗೂ ಆಗದು: ಸ್ತನ ಕ್ಯಾನ್ಸರ್ ಆದವರಿಗೆ, ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ, ಲಿವರ್ ಕೆಟ್ಟವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಕೊಡುವುದಿಲ್ಲ. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಸೇರಿಸಿ ವರ್ಷಗಟ್ಟಲೆ ತೆಗೆದುಕೊಂಡರೆ ಸ್ತನ ಕ್ಯಾನ್ಸರಿನ ಅಪಾಯ ಸ್ವಲ್ಪ ಏರುವುದು ನಿಜ. ಉಳಿದಂತೆ 60ರೊಳಗಿನ ಆರೋಗ್ಯವಂತರಲ್ಲಿ ಬಹುತೇಕರಿಗೆ ಲಾಭವೇ ಹೆಚ್ಚು. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳುವಂತಿಲ್ಲ, ಇದನ್ನು ನೆನಪಿಡಿ. ನಿಮ್ಮ ಡಾಕ್ಟರು ಅವಸರ ಮಾಡದಿರುವುದು ಸರಿ.

ಮಾತ್ರೆಯನ್ನು ಮಾತ್ರ ಕಾಫಿಯಿಂದ ಬಿಡಿಸಿ. ಕಾಫಿ, ಚಹಾ, ಹಾಲು ಮೂರೂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಎರಡು ಗಂಟೆ ಅಂತರ ಕೊಟ್ಟು ನಿಂಬೆ ಪಾನಕದ ಜೊತೆ ನುಂಗಿ. ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ಹಿಮೋಗ್ಲೋಬಿನ್ 12 ದಾಟಿತೆಂದು ಮಾತ್ರೆ ನಿಲ್ಲಿಸಬೇಡಿ, ಇನ್ನೂ ಮೂರು ತಿಂಗಳು ಮುಂದುವರಿಸಿ. ಕ್ಯಾಲೆಂಡರಿನಲ್ಲಿ ಸಿಲಿಂಡರ್ ಪಕ್ಕ ಇನ್ನೂ ಜಾಗವಿದೆಯಲ್ಲ, ಜೂನ್ ತಿಂಗಳದ್ದನ್ನೂ ಬರೆಯಿರಿ.