ಬೂಟು ಹಾಕಿದ ಅಕ್ಷರ

ಸೀನ ಬರ್ಗರ್ ಅಂಗಡಿ ತೆಗೆಯುತ್ತಿದ್ದಾನೆ. ಹೆಸರು 'ವೈಕುಂಠ ಬರ್ಗರ್'. ತಿಂದವರು ಎಲ್ಲಿಗೆ ಹೋಗುತ್ತಾರೆ ಅಂತ ಬೋರ್ಡಿನಲ್ಲೇ ಹೇಳಿಬಿಟ್ಟಿದ್ದಾನೆ, ಮೆಚ್ಚಬೇಕು ಎಂದ ಮಂಜ.

ಸೀನ ಅದನ್ನು ಕಿವಿಗೆ ಹಾಕಿಕೊಳ್ಳದೆ ಮೊಬೈಲ್ ತೋರಿಸಿದ. "ಬೋರ್ಡ್ ಹೀಗಿರಬೇಕು. ಕೌಬಾಯ್ ಸಿನಿಮಾದಲ್ಲಿ 'ವಾಂಟೆಡ್' ಅಂತ ಹಾಕಿರ್ತಾರಲ್ಲ, ಆ ಅಕ್ಷರ."

ಡಿಟಿಪಿ ಅಂಗಡಿ ಇಟ್ಟುಕೊಂಡ ನನಗೆ ಇಂಥ ಅವಕಾಶ ದಿನಾ ಸಿಗುವುದಿಲ್ಲ. "ಅದು ಸ್ಲ್ಯಾಬ್ ಸೆರಿಫ್ ಕಣೋ. ಅಕ್ಷರದ ಕಾಲಿಗೆ ಗಮ್ ಬೂಟು ಹಾಕಿದ ಹಾಗೆ ದಪ್ಪ ಪಟ್ಟಿ ಇದೆಯಲ್ಲ, ಅದೇ ಗುರುತು. ಹುಟ್ಟಿದ್ದು ಲಂಡನ್ನಿನಲ್ಲಿ. ವಿನ್ಸೆಂಟ್ ಫಿಗಿನ್ಸ್ ಅನ್ನುವ ಅಚ್ಚುಮೊಳೆಯವನು 1815ರ ಸುಮಾರಿಗೆ ಮಾರಾಟಕ್ಕೆ ಬಿಟ್ಟ. ಆಗ ಗೋಡೆ ತುಂಬ ನಾಟಕ, ಲಾಟರಿ ಜಾಹೀರಾತು. ಪುಸ್ತಕದ ಸಣಕಲು ಅಕ್ಷರ ಬೀದಿಯಲ್ಲಿ ಯಾರಿಗೆ ಕಾಣಬೇಕು? 1845ರಲ್ಲಿ ರಾಬರ್ಟ್ ಬೆಸ್ಲಿ ಕ್ಲಾರೆಂಡನ್ ಅಂತ ಇಂಥದ್ದೇ ಒಂದು ಅಕ್ಷರ ತಂದ. ಯಾರೂ ಕದಿಯಬಾರದು ಅಂತ ರಿಜಿಸ್ಟರ್ ಕೂಡ ಮಾಡಿಸಿದ. ಆದರೆ ಹಕ್ಕು ಇದ್ದದ್ದು ಮೂರೇ ವರ್ಷ. ಅದು ಮುಗಿದದ್ದೇ ತಡ, ಉಳಿದವರೆಲ್ಲ ನಕಲು ಹೊಡೆದರು."

"ಪಾಪ, ಮುಳುಗಿದನಾ?"

"1869ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆದ."

"ಹಾಗಾದರೆ ಇದೇ ಅಕ್ಷರ ಖಾಯಂ," ಎಂದ ಸೀನ. ಕಾರ್ಪೊರೇಷನ್ ಚುನಾವಣೆ ಮೇಲೆ ಅವನಿಗೆ ಮೊದಲಿಂದಲೂ ಕಣ್ಣು.

"ಕೌಬಾಯ್ ಕೈಗೆ ಹೇಗೆ ಸಿಕ್ಕಿತು?" ಮಂಜ ಬಿಡಲಿಲ್ಲ.

"ದೊಡ್ಡ ಅಕ್ಷರವನ್ನು ಸೀಸದಲ್ಲಿ ಎರಕ ಹೊಯ್ದರೆ ಭಾರ, ಖರ್ಚೂ ಜಾಸ್ತಿ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಕ್ಷರಗಳನ್ನು ಬೇಗ ಬೇಗ ಕೊರೆಯುವ ಯಂತ್ರ ಮಾಡಿದ. ಆಮೇಲೆ ಸರ್ಕಸ್ಸು, ಹರಾಜು, ಬಹುಮಾನದ ನೋಟೀಸು, ಎಲ್ಲಕ್ಕೂ ಮರದಚ್ಚು. ಸಾಲು ಕಾಗದದ ಈ ಅಂಚಿನಿಂದ ಆ ಅಂಚಿಗೆ ತುಂಬಬೇಕು. ಪದ ಗಿಡ್ಡವಾಗಿದ್ದರೆ ಅಗಲದ ಅಕ್ಷರ, ಉದ್ದವಾಗಿದ್ದರೆ ಹಿಂಡಿದ ಅಕ್ಷರ. ನೀನು ತೋರಿಸಿದ್ದು ಫ್ರೆಂಚ್ ಕ್ಲಾರೆಂಡನ್. ಅದರಲ್ಲಿ ಕಾಲಿಗಿಂತ ಬೂಟೇ ದಪ್ಪ."

"ಮೆನುವನ್ನೂ ಇದರಲ್ಲೇ ಹಾಕಿಸ್ತೀನಿ."

"ಬೇಡಪ್ಪಾ. ಇದು ದೂರದಿಂದ ಒಂದೆರಡು ಮಾತು ಕೂಗುವುದಕ್ಕೆ ಇರುವ ಅಕ್ಷರ. ನಲವತ್ತು ಐಟಮ್ಮೂ ಒಟ್ಟಿಗೆ ಕೂಗಿದರೆ ಗಿರಾಕಿ ಎದ್ದು ಹೋಗ್ತಾನೆ."

"ಅದಿರಲಿ," ಎಂದ ಮಂಜ. "ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು. ಕಾನೂನು."

"ಇರಲಿ. ಕನ್ನಡಕ್ಕೂ ಬೂಟು ಹಾಕಿಸು," ಎಂದು ಸೀನ ನನ್ನ ಕಡೆ ತಿರುಗಿದ.

ಬಿಲ್ಲಿನ ಹಿಂದೆ 'ವೈಕುಂಠ' ಬರೆದು ನೋಡಿದೆ. "ಠಕ್ಕೆ ಕಾಲೇ ಇಲ್ಲವಲ್ಲೋ. ಎಲ್ಲಿಗೆ ಹಾಕಲಿ?"

"ತಲೆಕಟ್ಟು ದಪ್ಪ ಮಾಡು."

"ಅದಕ್ಕೆ ತಲೆಕಟ್ಟೂ ಇಲ್ಲ."

ಸೀನ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. "ಗುಂಡಗೆ ಇದೆ ತಾನೇ? ಅಲ್ಲಿ ಬರ್ಗರ್ ಚಿತ್ರ ಹಾಕು."

"ಜನ 'ವೈಕುಂ' ಅಂತ ಓದ್ತಾರೆ," ಎಂದ ಮಂಜ.

"ಓದಲಿ ಬಿಡು. ಠ ಬಿಲ್ಲಿನಲ್ಲಿ ಕೊಡ್ತೀನಿ."