ಅಪ್ಪನ ಮಂಡಿ ನೋವು, ಅಮಾಲ್ಫಿಯ ಮೆಟ್ಟಿಲು

ಪ್ರಶ್ನೆ (ಮೈಸೂರಿನಿಂದ): ನಮಸ್ಕಾರ ಮೇಡಂ. ಮಗಳ ಬೇಸಿಗೆ ರಜೆಯಲ್ಲಿ, ಮೇ ಎರಡನೇ ವಾರ, ನಾವು ಐದು ಜನ ಇಟಲಿಯ ಅಮಾಲ್ಫಿ ತೀರಕ್ಕೆ ಹೊರಟಿದ್ದೇವೆ. ರೋಮ್‌ನಲ್ಲಿ ಇಳಿದು, ಆಮೇಲೆ 7 ರಾತ್ರಿ ಕಡಲ ಬದಿಯಲ್ಲಿ. ಅಪ್ಪನಿಗೆ 71 ವರ್ಷ, ಮಂಡಿ ನೋವು. ಅಮ್ಮನಿಗೆ ಶುಗರ್ ಇದೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿನ ಪೊಸಿಟಾನೊ ಊರಿನಲ್ಲಿ ಕಡಲು ಕಾಣುವ ಒಂದು ಮನೆ ನೋಡಿಟ್ಟಿದ್ದೇನೆ. ಬಾಡಿಗೆ ಕಾರು ತೆಗೆದುಕೊಂಡು ನಾನೇ ಓಡಿಸೋಣ ಅಂತ. ಸರಿ ಹೋಗುತ್ತದಾ?

ಉತ್ತರ: ನಮಸ್ಕಾರ. ಮೇ ತಿಂಗಳು ಒಳ್ಳೆಯದು, ಅದನ್ನು ಬದಲಿಸಬೇಡಿ. ಮನೆ ಮತ್ತು ಕಾರು ಎರಡನ್ನೂ ಬಿಡಿ.

ಪ್ರವಾಸ ಯೋಜಿಸಿಕೊಡುವ ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ಕುಟುಂಬಕ್ಕೆ ಪೊಸಿಟಾನೊದಲ್ಲಿ ಮನೆ ಮಾಡಿಕೊಟ್ಟಿದ್ದೆ. ‘ಬೀಚಿಗೆ 5 ನಿಮಿಷ’ ಅಂತ ಬರೆದಿತ್ತು. ಸುಳ್ಳೇನಲ್ಲ, ಇಳಿಯುವುದಕ್ಕೆ ಐದೇ ನಿಮಿಷ. ಹತ್ತುವ ಲೆಕ್ಕ ಯಾರೂ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಮೊದಲ ದಿನ ಕೆಳಗೆ ಹೋಗಿ ಬಂದ ಅಜ್ಜಿ ಉಳಿದ ಮೂರು ದಿನ ಬಾಲ್ಕನಿ ಬಿಟ್ಟು ಏಳಲಿಲ್ಲ. ಸೂಟ್‌ಕೇಸ್ ಹೊತ್ತ ಕೂಲಿಯವರಿಗೆ ಬೇರೆ ದುಡ್ಡು. ಈಗ ಮನೆ ಬಾಡಿಗೆಗೆ ಕೊಡುವವರನ್ನು ನಾನು ಮೊದಲು ಕೇಳುವುದೇ ಇದು: ಗಾಡಿ ನಿಲ್ಲುವ ರಸ್ತೆಯಿಂದ ಬಾಗಿಲವರೆಗೆ ಎಷ್ಟು ಮೆಟ್ಟಿಲು? ಲಿಫ್ಟ್ ಇದೆ ಅಂದರೆ, ಆ ಲಿಫ್ಟ್‌ವರೆಗೆ ಎಷ್ಟು?

ನಿಮ್ಮ ಮನೆಯವರಿಗೆ ಸಲೆರ್ನೊ ಸರಿ. ತೀರದ ಪೂರ್ವದ ತುದಿಯ ಊರು. ಸಮತಟ್ಟು ಜಾಗ, ಕಡಲ ದಂಡೆಯಲ್ಲಿ ಉದ್ದಕ್ಕೆ ನಡೆಯುವ ದಾರಿ, ತಾಳೆ ಮರದ ನೆರಳು. ಬಾಡಿಗೆಯೂ ಪೊಸಿಟಾನೊಗಿಂತ ತುಂಬಾ ಕಡಿಮೆ. ರೋಮ್‌ನಿಂದ ವೇಗದ ರೈಲು ಸುಮಾರು 2 ಗಂಟೆಯಲ್ಲಿ ನೇರ ಇಲ್ಲಿಗೇ ಬರುತ್ತದೆ, ನೇಪಲ್ಸ್‌ನಲ್ಲಿ ಇಳಿದು ಬದಲಿಸುವ ಗೋಜಿಲ್ಲ. ಸ್ಟೇಷನ್ ಹತ್ತಿರವೇ ಮನೆ ಹುಡುಕಿ. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಪಿಯಾಟ್ಸಾ ಡೆಲ್ಲಾ ಕೊಂಕೊರ್ಡಿಯಾ ಎಂಬ ಚೌಕದ ಹತ್ತಿರ ಬೋಟ್ ಹತ್ತುವ ಕಟ್ಟೆ. ಅಮಾಲ್ಫಿಗೆ ಸುಮಾರು 35 ನಿಮಿಷ, ಪೊಸಿಟಾನೊಗೆ 70. ಟಿಕೆಟ್‌ನಲ್ಲಿ ಕಟ್ಟೆಯ ಹೆಸರು ನೋಡಿಕೊಳ್ಳಿ. ಕೆಲವು ಬೋಟ್‌ಗಳು ಮೋಲೊ ಮಾನ್‌ಫ್ರೆಡಿ ಅನ್ನುವ ಇನ್ನೊಂದು ಕಟ್ಟೆಯಿಂದ ಹೊರಡುತ್ತವೆ, ಅದು ದೂರ.

ಪೊಸಿಟಾನೊ ಚೆಂದ ಕಾಣುವುದೇ ನೀರಿನ ಮೇಲಿಂದ. ಬೋಟ್ ಬೀಚಿನ ಮಟ್ಟದಲ್ಲೇ ಇಳಿಸುತ್ತದೆ. ಅಪ್ಪ ಅಲ್ಲೇ ಕಾಫಿ ಕುಡಿಯುತ್ತಾ ಕೂರಲಿ, ನೀವು ಮೇಲೆ ಹತ್ತಿ ಬನ್ನಿ.

ಕಾರಿನ ವಿಷಯ. ಆಗುಂಬೆ ಘಾಟಿ ಓಡಿಸಿದ ಕೈ ಅನ್ನುವ ಧೈರ್ಯ ನಿಮಗಿರಬಹುದು. ತಿರುವುಗಳಿಗೆ ಹೆದರುವುದು ಬೇಡ, ಗಾಡಿ ನಿಲ್ಲಿಸುವ ಜಾಗಕ್ಕೆ ಹೆದರಿ. ಸಿಕ್ಕರೂ ಗಂಟೆಯ ಲೆಕ್ಕದಲ್ಲಿ ದುಡ್ಡು. ಬೇಸಿಗೆಯ ಜನ ಜಾಸ್ತಿ ಇರುವ ದಿನಗಳಲ್ಲಿ ತೀರದ ರಸ್ತೆಗೆ ನಂಬರ್ ಪ್ಲೇಟಿನ ಸಮ-ಬೆಸ ನಿಯಮವೂ ಇದೆ. ಊರೊಳಗಿನ ನಿರ್ಬಂಧಿತ ಬೀದಿಗೆ ತಿಳಿಯದೆ ನುಗ್ಗಿದರೆ ಕ್ಯಾಮೆರಾ ಹಿಡಿಯುತ್ತದೆ. ದಂಡದ ಪತ್ರ ನೀವು ಮೈಸೂರಿಗೆ ಬಂದು ಎಲ್ಲ ಮರೆತ ಮೇಲೆ ಬರಬಹುದು.

ಗುಂಪಿನ ಒಬ್ಬ ಸದಸ್ಯೆ: ಕ್ಷಮಿಸಿ ಮೇಡಂ, ನಾವಿಬ್ಬರು ಪೊಸಿಟಾನೊದಲ್ಲೇ ಇದ್ದೆವು. ಸಂಜೆ ಬೋಟಿನ ಜನ ಎಲ್ಲ ಹೋದ ಮೇಲೆ ಆ ಊರೇ ಬೇರೆ. ಅದನ್ನು ಯಾಕೆ ತಪ್ಪಿಸಿಕೊಳ್ಳಬೇಕು?

ಉತ್ತರ: ನೀವು ಹೇಳುವುದು ನಿಜ. ಇಬ್ಬರೇ ಹೋದರೆ, ಒಂದೊಂದೇ ಬ್ಯಾಗ್ ಇದ್ದರೆ, ನಾನೂ ಒಂದು ರಾತ್ರಿ ಅಲ್ಲಿ ಹಾಕುತ್ತೇನೆ. ಇವರಿಗೆ ಆ ಸಂಜೆ ಬೇಕು ಅನ್ನಿಸಿದರೆ, 5 ರಾತ್ರಿ ಸಲೆರ್ನೊ, 2 ರಾತ್ರಿ ಮಿನೋರಿ ಮಾಡಿಕೊಳ್ಳಲಿ. ಚಿಕ್ಕ ಊರು, ಕಡಲ ಬದಿ ಸಮತಟ್ಟು, ಬೋಟ್ ನಿಲ್ಲುತ್ತದೆ. ಪಕ್ಕದ ಮಯೋರಿಯಲ್ಲಿ ಉದ್ದನೆಯ ಬೀಚ್ ಇದೆ, ಮಗುವಿಗೆ ಅದೇ ಖುಷಿ.

ಪ್ರಶ್ನೆ (ಮೈಸೂರಿನಿಂದ): ಮನೆ ಇವತ್ತೇ ಕ್ಯಾನ್ಸಲ್ ಮಾಡಿದೆ ಮೇಡಂ. ಊಟದ್ದು ಹೇಳಿ. ಅಮ್ಮನಿಗೆ ಹೊತ್ತಿಗೆ ಸರಿಯಾಗಿ ಊಟ ಆಗಬೇಕು.

ಉತ್ತರ: ಅಲ್ಲೇ ಇರುವುದು ತೊಂದರೆ. ರೆಸ್ಟೋರೆಂಟ್‌ಗಳ ಮಧ್ಯಾಹ್ನದ ಅಡುಗೆ ಮನೆ ಎರಡೂವರೆ, ಮೂರಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಏಳು, ಏಳೂವರೆಗೆ. ನಡುವೆ ಹಸಿವಾದರೆ ಬೇಕರಿಯ ತುಂಡು ಪಿಜ್ಜಾ, ಇಲ್ಲ ಹಣ್ಣು. ಅದಕ್ಕೇ ಅಡುಗೆಮನೆ ಇರುವ ಮನೆಯನ್ನೇ ತೆಗೆದುಕೊಳ್ಳಿ, ಹೋಟೆಲ್ ಬೇಡ.

ಮೊಟ್ಟೆಯ ಚಿಂತೆ ದಕ್ಷಿಣದಲ್ಲಿ ಕಡಿಮೆ. ಇಲ್ಲಿನ ಒಣ ಪಾಸ್ತಾಕ್ಕೆ ಗೋಧಿ ರವೆ ಮತ್ತು ನೀರು ಅಷ್ಟೇ. ಹತ್ತಿರದ ಗ್ರಾನ್ಯಾನೊ ಊರು ಅದಕ್ಕೇ ಹೆಸರುವಾಸಿ. ಹಸಿ ಪಾಸ್ತಾ, ನ್ಯೋಕಿ ಎಂಬ ಆಲೂಗಡ್ಡೆಯ ಸಣ್ಣ ಉಂಡೆ ಆದರೆ ಕೇಳಿಯೇ ತಿನ್ನಿ. ಪಿಜ್ಜಾ ಹಿಟ್ಟಿನಲ್ಲೂ ಮೊಟ್ಟೆ ಇಲ್ಲ. ‘ಮರಿನಾರಾ’ ಅಂದರೆ ಮೀನಿನದು ಅಂದುಕೊಂಡು ನಮ್ಮವರು ಬಿಟ್ಟುಬಿಡುತ್ತಾರೆ. ಅದರಲ್ಲಿ ಇರುವುದು ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಚೀಸೂ ಇಲ್ಲ. ನೆರಾನೊ ಊರಿನ ಸ್ಪಗೆಟ್ಟಿ ತಪ್ಪಿಸಬೇಡಿ, ಕರಿದ ಜುಕೀನಿ ಮತ್ತು ಚೀಸ್ ಹಾಕಿದ್ದು.

ಎಡವುವುದು ಬೇರೆ ಕಡೆ. ಸೊಪ್ಪಿನ ಪಲ್ಯದಲ್ಲಿ ‘ಅಚ್ಚೂಗೆ’ ಅಥವಾ ‘ಅಲೀಚಿ’ ಎಂಬ ಸಣ್ಣ ಮೀನು ಕರಗಿ ಹೋಗಿರಬಹುದು, ಕಣ್ಣಿಗೆ ಬೀಳುವುದಿಲ್ಲ. ನೇಪಲ್ಸ್‌ನ ಖಾರದ ತರಾಲ್ಲಿ, ನೋಡಲು ನಮ್ಮ ಕೋಡುಬಳೆ ಹಾಗೇ ಇರುತ್ತದೆ, ಅದರಲ್ಲಿ ಹಂದಿ ಕೊಬ್ಬು. ಹಲವು ಚೀಸ್‌ಗಳಲ್ಲಿ ಹಾಲು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯ ಕಿಣ್ವದಿಂದ. ಅಮ್ಮ ಅಷ್ಟು ನೋಡುವವರಾದರೆ ಮೊದಲೇ ಹೇಳಿಬಿಡಿ. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ, ಸೆಂತ್ಸಾ ವೋವಾ’ ಅಂತ ಬಾಯಿಪಾಠ ಮಾಡಿಸಿ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ.

ಬಿಲ್ಲಿನಲ್ಲಿ ‘ಕೊಪೆರ್ತೊ’ ಅಂತ ತಲೆಗೆ ಒಂದಷ್ಟು ಯೂರೋ ಇರುತ್ತದೆ. ಮೋಸ ಅಲ್ಲ, ಮೇಜಿಗೆ ಕೂತ ದುಡ್ಡು. ಮನೆ ಬಾಡಿಗೆಯ ಮೇಲೂ ರಾತ್ರಿಗೆ ಇಷ್ಟು ಅಂತ ಊರಿನ ತೆರಿಗೆ ಇದೆ. ಅಲ್ಲೇ ನಗದಾಗಿ ಕೇಳಬಹುದು, ಚಿಲ್ಲರೆ ಇಟ್ಟುಕೊಳ್ಳಿ.

ಇನ್ನೊಬ್ಬ ಸದಸ್ಯ: ನಾವು ದಸರಾ ರಜೆಯಲ್ಲಿ ಹೋಗುವವರು. ನಡೆಯುತ್ತದಾ?

ಉತ್ತರ: ನಡೆಯುತ್ತದೆ. ಹೆಚ್ಚಿನ ಬೋಟ್‌ಗಳು ಅಕ್ಟೋಬರ್ ಕೊನೆಯವರೆಗೆ ಇರುತ್ತವೆ. ಅಲೆ ಜೋರಾದರೆ ಆ ದಿನ ರದ್ದು, ಆಗ ಬಸ್ಸೇ ಗತಿ. ಬಸ್ ಟಿಕೆಟ್ ಹತ್ತುವ ಮೊದಲೇ ‘ತಬಾಕಿ’ ಅನ್ನುವ ಬೀಡಿ-ಸಿಗರೇಟ್ ಅಂಗಡಿಯಲ್ಲಿ ಕೊಂಡಿಟ್ಟುಕೊಳ್ಳಿ. ವಾಂತಿ ಬರುವವರು ಮಾತ್ರೆ ಮರೆಯಬೇಡಿ.

ಪ್ರಶ್ನೆ (ಮೈಸೂರಿನಿಂದ): ಕೊನೆಯದೊಂದು, ನಗಬೇಡಿ. ಅಪ್ಪ ಕೇಳುತ್ತಿದ್ದಾರೆ, ಅಲ್ಲಿ ಉಪ್ಪಿಟ್ಟಿನ ರವೆ ಸಿಗುತ್ತದಾ? ಇಲ್ಲಿಂದಲೇ ಒಯ್ಯಬೇಕಾ?

ಉತ್ತರ: ಎಲ್ಲರೂ ಕೇಳುತ್ತಾರೆ! ಸೂಪರ್ ಮಾರ್ಕೆಟ್‌ನಲ್ಲಿ ‘ಸೆಮೊಲಿನೊ’ ಅಂತ ಪ್ಯಾಕೆಟ್ ನೋಡಿ. ‘ಸೆಮೊಲಾ ರಿಮಚಿನಾತಾ’ ತೆಗೆದುಕೊಂಡರೆ ಅಂಟಾಗುತ್ತದೆ, ಅದು ಹಿಟ್ಟಿನ ಹಾಗೆ ನುಣ್ಣಗೆ. ಸಾಸಿವೆ, ಇಂಗು, ಚಟ್ನಿಪುಡಿ ನೀವೇ ಒಯ್ಯಿರಿ. ತುಪ್ಪ, ಪೇಡ, ಹಸಿ ಕರಿಬೇವು ಮಾತ್ರ ಬ್ಯಾಗಿಗೆ ಹಾಕಬೇಡಿ. ಹಾಲಿನ ಪದಾರ್ಥ, ಹಸಿ ಸೊಪ್ಪು ಯುರೋಪಿನ ಕಸ್ಟಮ್ಸ್‌ನಲ್ಲಿ ಬಿಡುವುದಿಲ್ಲ. ಒಗ್ಗರಣೆಗೆ ಆಲಿವ್ ಎಣ್ಣೆ ಆದೀತು. ಅಪ್ಪನಿಗೆ ಮೊದಲೇ ಹೇಳಿಟ್ಟಿರಿ, ಘಮ ಬೇರೆ ಬರುತ್ತದೆ.