ನೋಟಿನ ಕಂತೆಯಿಂದ ಹಿಟ್ಲರ್ ಬಂದನಾ? ಮಗಳಿಗೆ ಏನು ಹೇಳಲಿ?

ಡೊಂಬಿವಲಿ ಫಾಸ್ಟ್:
ಮಗಳು ಒಂಬತ್ತನೇ ಕ್ಲಾಸು, ಹಿಟ್ಲರ್ ಪಾಠ ನಡೆಯುತ್ತಿದೆ. ನಿನ್ನೆ ಊಟಕ್ಕೆ ಕೂತಾಗ, "ಅಪ್ಪ, ಒಂದು ಬ್ರೆಡ್ಡಿಗೆ ಗಾಡಿ ತುಂಬಾ ನೋಟು ಕೊಡಬೇಕಿತ್ತಂತೆ, ಅದಕ್ಕೇ ಜನ ಅವನಿಗೆ ವೋಟು ಹಾಕಿದರಾ?" ಅಂದಳು. ಹೌದು ಅಂದುಬಿಟ್ಟೆ. ಆಮೇಲೆ ಪುಸ್ತಕ ತಿರುವಿದರೆ ನೋಟಿನ ಕಥೆ 1923ರದ್ದು, ಅವನು ಕುರ್ಚಿ ಹತ್ತಿದ್ದು 1933ರಲ್ಲಿ. ನಡುವಿನ ಹತ್ತು ವರ್ಷ ಏನಾಯಿತು? ಹೊಟ್ಟೆಗಿಲ್ಲದವರೆಲ್ಲ ಇಂಥ ಪಕ್ಷಗಳ ಹಿಂದೆ ಹೋಗುತ್ತಾರಾ? ಜಗಳ ಬೇಡ, ಗೊತ್ತಿದ್ದವರು ಹೇಳಿ.

ಮಾಟುಂಗಾ ಫಿಲ್ಟರ್ ಕಾಫಿ:
ಸಾರ್, ಆ ಹತ್ತು ವರ್ಷದಲ್ಲೇ ಎಲ್ಲ ಇದೆ. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ (ಜರ್ಮನಿಯ ನಾಣ್ಯ). ಅದೇ ತಿಂಗಳು ಹಿಟ್ಲರ್ ಮ್ಯೂನಿಕ್‌ನಲ್ಲಿ ದಂಗೆ ಎಬ್ಬಿಸಿ ಸೋತ, ಆಮೇಲೆ ಜೈಲು. ಹೊಸ ಮಾರ್ಕ್ ಬಂತು, ಅಮೆರಿಕದ ಸಾಲ ಬಂತು, ಜನ ಅವನನ್ನು ಹೆಚ್ಚುಕಮ್ಮಿ ಮರೆತೇಬಿಟ್ಟರು. 1928ರಲ್ಲಿ ಅವನ ಪಕ್ಷದ ನಾಜಿಗಳಿಗೆ ಶೇ. 2.6 ವೋಟು, 12 ಸೀಟು. 1929ರಲ್ಲಿ ನ್ಯೂಯಾರ್ಕ್ ಶೇರುಪೇಟೆ ಕುಸಿದು ಅಮೆರಿಕದವರು ಸಾಲ ವಾಪಸ್ ಕೇಳತೊಡಗಿದ ಮೇಲೆ ನೋಡಿ, 1930ರಲ್ಲಿ 107 ಸೀಟು, 1932ರ ಜುಲೈನಲ್ಲಿ 230. ತಮಾಷೆ ಅಂದರೆ ಆಗ ಬೆಲೆ ಏರುತ್ತಿರಲಿಲ್ಲ, ಇಳಿಯುತ್ತಿತ್ತು! ಚಾನ್ಸಲರ್ (ನಮ್ಮ ಪ್ರಧಾನಿ ಇದ್ದ ಹಾಗೆ) ಬ್ರೂನಿಂಗ್ ಬಜೆಟ್ ಸರಿದೂಗಿಸಲು ಹೊರಟು ಸಂಬಳ ಕತ್ತರಿಸಿದ, ನಿರುದ್ಯೋಗ ಭತ್ಯೆ ಕತ್ತರಿಸಿದ, ತೆರಿಗೆ ಏರಿಸಿದ. 1932ರ ಹೊತ್ತಿಗೆ 60 ಲಕ್ಷ ಜನಕ್ಕೆ ಕೆಲಸ ಇರಲಿಲ್ಲ.

ಕೊತ್ರೂಡ್ ಅಕ್ಕ:
ಆದರೆ ಆ 60 ಲಕ್ಷ ಜನರೇ ನಾಜಿಗಳನ್ನು ತಂದರು ಅನ್ನಬೇಡಿ ತಮ್ಮ. ಕೆಲಸ ಕಳೆದುಕೊಂಡ ಕಾರ್ಮಿಕರು ಜಾಸ್ತಿ ವಾಲಿದ್ದು ಕಮ್ಯುನಿಸ್ಟರ ಕಡೆಗೆ. ನಾಜಿಗಳಿಗೆ ಮುಗಿಬಿದ್ದವರಲ್ಲಿ ಸಣ್ಣ ಅಂಗಡಿಯವರು, ರೈತರು, ಗುಮಾಸ್ತರು, ಪೆನ್ಶನ್ನಿನವರು ತುಂಬಾ. ಉತ್ತರದಲ್ಲಿ ಶ್ಲೆಸ್ವಿಗ್-ಹೋಲ್‌ಸ್ಟೈನ್ ಅಂತ ಇದೆ, ದನ ಸಾಕುವ ರೈತರ ನಾಡು. ಸಾಲ ತೀರದೆ ಜಮೀನು ಹರಾಜಿಗೆ ಬರುತ್ತಿತ್ತು, ನ್ಯೂಯಾರ್ಕ್ ಕುಸಿಯುವ ಮೊದಲೇ ಅಲ್ಲಿ ರೈತರು ಬೀದಿಗಿಳಿದಿದ್ದರು. 1932ರ ಜುಲೈನಲ್ಲಿ ಅರ್ಧಕ್ಕಿಂತ ಜಾಸ್ತಿ ವೋಟು ಅಲ್ಲಿ ನಾಜಿಗಳಿಗೇ. ಉಪವಾಸ ಬಿದ್ದವರಿಗಿಂತ, ಇರುವುದೂ ನಾಳೆ ಹೋಗುತ್ತೆ ಅಂತ ನಿದ್ದೆಗೆಟ್ಟವರು ಇವರು.

ಲಾಲ್‌ಬಾಗ್ ರಿಟೈರ್ಡ್:
ಇದಕ್ಕೆ ಜರ್ಮನಿಗೇ ಹೋಗಬೇಕಾ ಮಾರಾಯ್ರೆ? (ಯಾರನ್ನೂ ನಾಜಿ ಅನ್ನುತ್ತಿಲ್ಲ, ಬಡಿಗೆ ಕೆಳಗಿಡಿ.) ಮುಂಬಯಿಯ 1966 ನೆನಪು ಮಾಡಿಕೊಳ್ಳಿ. ಹಿಂದಿನ ವರ್ಷ ಬರ, ರೇಶನ್ ಕ್ಯೂ, ಜೂನ್ 6ಕ್ಕೆ ರೂಪಾಯಿ ಅಪಮೌಲ್ಯ, ಡಾಲರಿಗೆ 4.76 ಇದ್ದದ್ದು 7.50. ಜೂನ್ 19ಕ್ಕೆ ಶಿವಸೇನೆ ಹುಟ್ಟಿತು. ಸಿಟ್ಟು ತಿರುಗಿದ್ದು ಯಾರ ಮೇಲೆ? ಆಫೀಸುಗಳಲ್ಲಿದ್ದ ದಕ್ಷಿಣದ ಟೈಪಿಸ್ಟ್, ಸ್ಟೆನೋಗಳ ಮೇಲೆ, ನಮ್ಮ ಉಡುಪಿ ಹೋಟೆಲುಗಳ ಮೇಲೆ. ಬರ ತಂದದ್ದು ಟೈಪಿಸ್ಟಾ? ನಮ್ಮಪ್ಪನೂ ಫೋರ್ಟಿನಲ್ಲಿ ಟೈಪಿಸ್ಟೇ, ಅದಕ್ಕೇ ಕೇಳಿದೆ. ಅಕ್ಕ ಹೇಳಿದ್ದು ಸರಿ. ಗುಮಾಸ್ತೆ ಕೆಲಸಕ್ಕೆ ಕಾದು ಕೂತ ಓದಿದ ಹುಡುಗರಿಗೇ ಆ ಮಾತು ಜಾಸ್ತಿ ಹಿಡಿಸಿದ್ದು.

ಮಾಟುಂಗಾ ಫಿಲ್ಟರ್ ಕಾಫಿ:
ಒಪ್ಪಿದೆ ಅಂಕಲ್, ಆದರೆ ಅದೇ ಪಕ್ಷಕ್ಕೆ ರಾಜ್ಯದ ಗದ್ದುಗೆ ಸಿಕ್ಕಿದ್ದು 1995ರಲ್ಲಿ, ಅದೂ ಬಿಜೆಪಿ ಜೊತೆ ಸೇರಿ. ಕಷ್ಟ ಬಂದ ಕೂಡಲೇ ಅಧಿಕಾರ ಬರುವುದಿಲ್ಲ. 1932-33ರ ಅಮೆರಿಕದಲ್ಲಿ ದುಡಿಯುವವರಲ್ಲಿ ಸುಮಾರು ಕಾಲು ಭಾಗ ಜನಕ್ಕೆ ಕೆಲಸ ಇರಲಿಲ್ಲ, ಅವರು ಆರಿಸಿದ್ದು ರೂಸ್‌ವೆಲ್ಟ್‌ನನ್ನು. ಜರ್ಮನಿಯಲ್ಲೂ 1932ರ ನವೆಂಬರಿನಲ್ಲಿ ನಾಜಿಗಳಿಗೆ 20 ಲಕ್ಷ ವೋಟು ಕಡಿಮೆಯಾಗಿ ಸೀಟು 196ಕ್ಕೆ ಇಳಿದಿತ್ತು. ಆಗ ಪಾಪೆನ್ ಅನ್ನುವ ಮಾಜಿ ಚಾನ್ಸಲರ್ ಮುದುಕ ಅಧ್ಯಕ್ಷ ಹಿಂಡೆನ್‌ಬರ್ಗ್‌ನ ಕಿವಿ ಊದಿದ. ಹಿಟ್ಲರನನ್ನು ಕೂರಿಸೋಣ, ಮೂಗುದಾರ ನಮ್ಮ ಕೈಲಿರುತ್ತೆ ಅನ್ನುವುದು ಅವನ ಲೆಕ್ಕ. 1933ರ ಜನವರಿ 30ರ ಸಂಪುಟದಲ್ಲಿ ಹಿಟ್ಲರ್ ಸೇರಿ ನಾಜಿಗಳು ಮೂವರೇ. ಕೆಲವೇ ತಿಂಗಳಲ್ಲಿ ಮೂಗುದಾರ ಯಾರ ಮೂಗಿಗೆ ಬಿತ್ತು ಗೊತ್ತಲ್ಲ.

ಡೊಂಬಿವಲಿ ಫಾಸ್ಟ್:
ಮಗಳಿಗೆ ಎಲ್ಲ ಓದಿ ಹೇಳಿದೆ. "ಆ ಪಾಪೆನ್‌ಗೆ ಆಮೇಲೆ ಏನಾಯಿತು?" ಅಂತ ಹಿಡಿದಿದ್ದಾಳೆ.

ಕೊತ್ರೂಡ್ ಅಕ್ಕ:
1946ರಲ್ಲಿ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ಮೇಲೆ ನಡೆದ ವಿಚಾರಣೆಯಲ್ಲಿ ಖುಲಾಸೆ. 1969ರ ತನಕ ಬದುಕಿದ್ದ.